ಕಡಲಾಚೆಗೆ ಆಷಾಢವಿಲ್ಲ



ಮೈಸೂರಿನ ಬಾನುಲಿ ಹುಟ್ಟಿದ್ದು ಮನಃಶಾಸ್ತ್ರದ ಮೇಷ್ಟರೊಬ್ಬರ ಮನೆಯಲ್ಲಿ. ಡಾ. ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿಗೆ ಹೋಗಿ ಮನಃಶಾಸ್ತ್ರ ಓದಿ ಬಂದರು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ವಿಷಯಕ್ಕೊಂದು ವಿಭಾಗ ಕಟ್ಟಿದರು, 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಪರದೇಶದಲ್ಲಿದ್ದು ಬಂದ, ಮನಸ್ಸಿನ ವಿದ್ಯೆ ಕಲಿತ ಒಬ್ಬರು ಕಟ್ಟಿದ ನಿಲಯ ಇದು. ಹಾಗಾಗಿ ನಾನು ಇವತ್ತು ಹೇಳಬೇಕೆಂದಿರುವ ಮಾತಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ನಮಗೆ ಊರು ಬಿಟ್ಟು ದುಡಿಯುವುದು ಹೊಸದೇನಲ್ಲ. ಶುಂಠಿ ಹೊಲಕ್ಕೆ, ಕಾಫಿ ತೋಟಕ್ಕೆ ಅಂತ ವಯನಾಡಿಗೆ ಹೋದವರು, ಗಾರ್ಮೆಂಟ್ಸ್ ಕೆಲಸಕ್ಕೆ ಬೆಂಗಳೂರಿಗೆ ಹೋದವರು ಪ್ರತಿ ಊರಲ್ಲೂ ಇದ್ದಾರೆ. ಆದರೆ ಆ ಹೋಗುವಿಕೆಗೆ ಒಂದು ಮಿತಿಯಿತ್ತು. 2009ರಿಂದ ಬಂಡೀಪುರದ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚಿದರೂ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಸುಲ್ತಾನ್ ಬತ್ತೇರಿಯಲ್ಲಿ ಮಗನಿಗೆ ಮೈ ಸರಿಯಿಲ್ಲ ಅಂದರೆ ಅಪ್ಪ ಬೆಳಗಿನ ಬಸ್ಸು ಹತ್ತಿ ಮಧ್ಯಾಹ್ನದ ಹೊತ್ತಿಗೆ ಅವನ ಮುಂದೆ ನಿಂತಿರುತ್ತಾನೆ. ಈಗ ನಮ್ಮ ಮಕ್ಕಳು ಹೋಗುತ್ತಿರುವುದು ಲೆಸ್ಟರಿಗೆ, ಡಲ್ಲಾಸಿಗೆ, ಮೆಲ್ಬರ್ನಿಗೆ, ದುಬೈಗೆ. ಒಬ್ಬಳು ಮದುವೆಯಾಗಿ ಹೋಗುತ್ತಾಳೆ, ಒಬ್ಬ ಎಂ.ಎಸ್ಸಿ. ಓದಲು ಹೋಗುತ್ತಾನೆ, ಇನ್ನೊಬ್ಬ ಕಟ್ಟಡ ಕೆಲಸಕ್ಕೆ ಹೋಗುತ್ತಾನೆ. ಸೂಟ್‌ಕೇಸಿಗೆ ಸಾರಿನ ಪುಡಿ, ಹುರಳಿಕಾಳು, ಉಪ್ಪಿನಕಾಯಿ, ಸ್ವೆಟರು ಎಲ್ಲ ತುಂಬುತ್ತೇವೆ. ಅಲ್ಲಿ ಮನಸ್ಸು ಕುಸಿದರೆ ಯಾರ ಹತ್ತಿರ ಹೋಗಬೇಕು ಅನ್ನುವ ಒಂದು ಮಾತನ್ನು ಮಾತ್ರ ಯಾರೂ ಹೇಳಿ ಕಳಿಸುವುದಿಲ್ಲ.

ಚಾಮರಾಜನಗರ ಜಿಲ್ಲೆಯ ಕಾಲೇಜು ಮಕ್ಕಳೊಡನೆ, ಅವರ ತಂದೆತಾಯಿಯರೊಡನೆ ಕೂತು ಮಾತಾಡುವುದು ನನ್ನ ಕೆಲಸ. ಹಾಗೆ ಮಾತಾಡುತ್ತ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಒಂದಿದೆ. ಪರದೇಶದಲ್ಲಿ ಮನಸ್ಸಿಗೆ ಸಿಗುವ ನೆರವು ಅಲ್ಲಿಯೇ, ನಿಂತ ಜಾಗದಲ್ಲಿಯೇ ಸಿಗಬೇಕು. ಆದರೆ ಅದನ್ನು ಪಡೆಯಲು ಬೇಕಾದ ಒಪ್ಪಿಗೆ ಹೊರಡುವುದು ಇಲ್ಲಿಂದ, ತೆರಕಣಾಂಬಿಯ, ಹಂಗಳದ, ಬೇಗೂರಿನ ಮನೆಗಳಿಂದ. ಎಷ್ಟೋ ಸಲ ಅಲ್ಲಿ ಡಾಕ್ಟರಿದ್ದಾರೆ, ದುಡ್ಡೂ ಕಟ್ಟಿಯಾಗಿದೆ, ಇಲ್ಲದೇ ಇರುವುದು ಮನೆಯವರ ಆ ಒಂದು ಮಾತು.

ಮದುವೆಯಾದ ಮೊದಲ ವರ್ಷ ಆಷಾಢ ಬಂತೆಂದರೆ ಹೊಸ ಸೊಸೆಯನ್ನು ತವರಿಗೆ ಕಳಿಸುವುದು ನಮ್ಮ ಕಡೆಯ ಪದ್ಧತಿ. ಅದಕ್ಕೆ ಹತ್ತಾರು ಕಾರಣ ಹೇಳುತ್ತಾರೆ. ನನಗೆ ಕಾಣುವ ಕಾರಣ ಬೇರೆ. ಹೊಸ ಮನೆ, ಹೊಸ ಒಲೆ, ಹೊಸ ಮುಖಗಳ ನಡುವೆ ಕೆಲವು ತಿಂಗಳು ಎಲ್ಲಕ್ಕೂ ತಲೆಯಾಡಿಸಿಕೊಂಡು ಇದ್ದ ಹೆಣ್ಣುಮಗಳು ಬಂದು, ಅವ್ವನ ಮಗ್ಗುಲಲ್ಲಿ ಮಲಗಿ, ನುಂಗಿಕೊಂಡದ್ದನ್ನೆಲ್ಲ ಹೇಳಿಕೊಳ್ಳಲಿ ಅಂತ. ಚಾಮರಾಜನಗರದ ಚಾಮರಾಜೇಶ್ವರನ ತೇರು ಎಳೆಯುವುದೂ ಆಷಾಢದಲ್ಲೇ. ಅಗಲಿ ಇದ್ದ ಹೊಸ ಜೋಡಿಗಳು ಆವತ್ತು ಅಲ್ಲಿ ಕೂಡಿ ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಹೊಸ ಜಾಗಕ್ಕೆ ಹೋದವರಿಗೆ ಒಂದು ಬಿಡುವು ಬೇಕು, ಬಾಯಿಬಿಟ್ಟು ಹೇಳಿಕೊಳ್ಳಲು ಒಂದು ಆಸರೆ ಬೇಕು ಅನ್ನುವುದನ್ನು ನಮ್ಮ ಹಿರಿಯರು ಪಂಚಾಂಗದಲ್ಲೇ ಸೇರಿಸಿಟ್ಟಿದ್ದರು. ಕಡಲಾಚೆಗೆ ಆಷಾಢವಿಲ್ಲ. ಟಿಕೆಟ್ಟಿನ ದುಡ್ಡು, ರಜೆ, ವೀಸಾ ಮೂರೂ ಕೂಡಿ ಬರುವ ಹೊತ್ತಿಗೆ ಎರಡು ಮೂರು ವರ್ಷವಾಗಿರುತ್ತದೆ.

ಆ ಎರಡು ಮೂರು ವರ್ಷದಲ್ಲಿ ಆಗುವುದೇನು? ಮೊದಲ ಕೆಲವು ವಾರ ಏನೂ ತಿಳಿಯುವುದಿಲ್ಲ. ಮನೆ ಹುಡುಕಬೇಕು, ಬ್ಯಾಂಕ್ ಖಾತೆ ತೆರೆಯಬೇಕು, ಬಸ್ಸು ರೈಲು ಕಲಿಯಬೇಕು. ಆ ಗಡಿಬಿಡಿ ತಣ್ಣಗಾದ ಮೇಲೆ ಕಷ್ಟ ಶುರುವಾಗುತ್ತದೆ. ಇಂಗ್ಲೆಂಡಿನಲ್ಲಿ ಡಿಸೆಂಬರ್ ತಿಂಗಳಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ನಮ್ಮ ಬಯಲುಸೀಮೆಯ ಬಿಸಿಲಲ್ಲಿ ಬೆಳೆದವರಿಗೆ ಅದೊಂದೇ ಸಾಕು ಮನಸ್ಸು ಮಂಕಾಗಲು. ರಾತ್ರಿ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಏಳಲಾಗುವುದಿಲ್ಲ. ಒಬ್ಬರಿಗೇ ಅಡುಗೆ ಮಾಡಿಕೊಳ್ಳಲು ಬೇಸರವಾಗಿ ಬ್ರೆಡ್ಡಿನಲ್ಲಿ ದಿನ ಕಳೆಯುತ್ತದೆ. ತಲೆ ಭಾರ, ಎದೆ ಹಿಡಿದ ಹಾಗೆ, ಹೊಟ್ಟೆಯಲ್ಲಿ ಸಂಕಟ. ಪರೀಕ್ಷೆ ಮಾಡಿಸಿದರೆ ಎಲ್ಲ ನಾರ್ಮಲ್. ಊರಲ್ಲಿ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ ಹುಡುಗ ಅಲ್ಲಿ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಲು ಅಂಜುತ್ತಾನೆ. ಇಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೆಣ್ಣುಮಗಳು ಅಲ್ಲಿ ಗಂಡನ ವೀಸಾದ ಮೇಲೆ ಹೋದದ್ದರಿಂದ ಕೆಲಸಕ್ಕೆ ಸೇರುವ ಹಕ್ಕಿಲ್ಲದೆ ಎರಡು ಕೋಣೆಯ ಮನೆಯಲ್ಲಿ ಕೂತಿರುತ್ತಾಳೆ. ಅಮೆರಿಕದ ಎಚ್-4 ವೀಸಾದವರ ಪಾಡು ಇದು. 2015ರಲ್ಲಿ ನಿಯಮ ಸ್ವಲ್ಪ ಸಡಿಲವಾಗಿ ಕೆಲವರಿಗೆ ದುಡಿಯುವ ಅವಕಾಶ ಸಿಕ್ಕಿತು, ಎಲ್ಲರಿಗೂ ಅಲ್ಲ. ಬ್ರಿಟನ್ನಿನಲ್ಲಿ 2024ರ ಜನವರಿಯಿಂದ ಎಂ.ಎಸ್ಸಿ. ತರಗತಿಗಳಿಗೆ ಹೋಗುವವರು ಗಂಡ ಅಥವಾ ಹೆಂಡತಿಯನ್ನು ಜೊತೆಗೆ ಕರೆದೊಯ್ಯುವಂತೆಯೇ ಇಲ್ಲ. ಈಗ ಅಲ್ಲಿಗೆ ಎಂ.ಎಸ್ಸಿ. ಓದಲು ಹೋಗುವವರು ಒಂಟಿಯಾಗಿಯೇ ಹೋಗುತ್ತಾರೆ.

ಇದು ನಮ್ಮ ಮಕ್ಕಳ ದೌರ್ಬಲ್ಯವಲ್ಲ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಮನೆಯ ಹಂಬಲದಿಂದ ಕಾಯಿಲೆ ಬಿದ್ದವರ ಬಗ್ಗೆಯೇ ಒಂದು ಪ್ರಬಂಧ ಬರೆದ. ಬರ್ನ್ ಊರಿನ ಒಬ್ಬ ಹುಡುಗ ಬಾಸೆಲ್‌ಗೆ ಓದಲು ಬಂದು ಹಾಸಿಗೆ ಹಿಡಿದಿದ್ದ; ಮನೆಗೆ ಹೊರಡಿಸಿದಾಗ ದಾರಿಯಲ್ಲೇ ಚೇತರಿಸಿಕೊಳ್ಳತೊಡಗಿದ ಎಂದು ಅದರಲ್ಲಿದೆ. ಬರ್ನ್‌ನಿಂದ ಬಾಸೆಲ್ ದೂರ ಗುಂಡ್ಲುಪೇಟೆಯಿಂದ ಮೈಸೂರು ದಾಟಿ ಮಂಡ್ಯದಾಚೆಗೆ ಹೋದಷ್ಟೂ ಇಲ್ಲ! 1932ರಲ್ಲಿ ಓಡೆಗಾರ್ಡ್ ಎಂಬ ನಾರ್ವೆಯ ಮನೋವೈದ್ಯರು, ತಮ್ಮ ದೇಶದಿಂದ ಅಮೆರಿಕದ ಮಿನೆಸೋಟಾಕ್ಕೆ ಹೋಗಿ ನೆಲೆಸಿದವರಲ್ಲಿ ಮಾನಸಿಕ ಆಸ್ಪತ್ರೆ ಸೇರಿದವರ ಪ್ರಮಾಣ, ಊರಲ್ಲೇ ಉಳಿದವರಿಗಿಂತಲೂ ಅಲ್ಲಿಯೇ ಹುಟ್ಟಿದವರಿಗಿಂತಲೂ ಹೆಚ್ಚು ಎಂದು ಲೆಕ್ಕ ಹಾಕಿ ತೋರಿಸಿದರು. ನಾರ್ವೆಯವರಾಗಲಿ ನಾವಾಗಲಿ, ಬೇರೆ ನೆಲಕ್ಕೆ ಹೋದವರ ಮೇಲೆ ಬೀಳುವ ಭಾರ ಭಾರವೇ.

ಈಗ ಒಂದು ಮನೆಯ ವಿಷಯ ಹೇಳುತ್ತೇನೆ. ಹೆಸರು ಬೇಡ, ಊರು ತೆರಕಣಾಂಬಿ ಕಡೆ ಅಂದುಕೊಳ್ಳಿ. ಅರಿಸಿನ ಬೇಯಿಸುವ ಕಾಲ. ಅಂಗಳದಲ್ಲಿ ಬೇಯಿಸಿದ ಅರಿಸಿನ ಹರಡಿದೆ. ರಾಗಿ ಮೂಟೆಗೆ ಫೋನು ಒರಗಿಸಿಟ್ಟು ತಾಯಿ ಇಂಗ್ಲೆಂಡಿನಲ್ಲಿರುವ ಮಗನೊಡನೆ ಮಾತಾಡುತ್ತಿದ್ದಾರೆ. ಅಲ್ಲಿ ಇನ್ನೂ ಬೆಳಗ್ಗೆ. “ಉಂಡಾ ಮಗ?” “ಉಂಡೆ ಕನವ್ವ.” “ಚಳಿ ಅದಾ?” “ಅದೆ.” “ಓದು ಹೆಂಗೈತೆ?” “ಚೆನ್ನಾಗದೆ.” “ಅಪ್ಪಾಜಿಗೆ ಕೊಡ್ಲಾ?” “ಬ್ಯಾಡ, ಕೆಲ್ಸಕ್ಕೆ ಹೊತ್ತಾಯ್ತು.” ಮುಗಿಯಿತು. ಫೋನು ಇಟ್ಟ ಮೇಲೆ ತಾಯಿ ಪಕ್ಕದ ಮನೆಯವರಿಗೆ ಹೇಳುವುದು, ನಮ್ಮ ಮಗ ಚೆನ್ನಾಗವ್ನೆ ಅಂತ. ಅವನು ಓದಲು ಹೋಗಿರುವುದು ಜಮೀನು ಅಡವಿಟ್ಟು ತೆಗೆದ ಸಾಲದಲ್ಲಿ. ಊರಿನ ಹೆಬ್ಬಾಗಿಲಲ್ಲಿ ಅವನ ಫೋಟೋ ಇರುವ ಫ್ಲೆಕ್ಸ್ ಕಟ್ಟಿ ಕಳಿಸಿಕೊಟ್ಟಿದ್ದಾರೆ. ಅವನಿಗೆ ರಾತ್ರಿ ಮೂರರವರೆಗೆ ನಿದ್ದೆಯಿಲ್ಲ, ಕಾಲೇಜಿಗೆ ಹೋಗಿ ಎಷ್ಟೋ ದಿನವಾಗಿದೆ, ಅನ್ನುವುದನ್ನು ಅವನು ಯಾವ ಬಾಯಲ್ಲಿ ಹೇಳಬೇಕು?

ಆ ಹುಡುಗನ ಬಾಯಿ ಬಿಡಿಸಿದ್ದು ತಾಯಿಯ ಒಂದು ಬೇರೆ ಪ್ರಶ್ನೆ. “ಉಂಡಾ” ಎನ್ನುವ ಬದಲು ಒಂದು ದಿನ ಅವರು, “ಯಾರ ಕೂಡ ಉಂಡೆ ಮಗ?” ಅಂದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಯಾರೂ ಇಲ್ಲ ಕನವ್ವ” ಅಂದ. ತಾಯಿ ಅಳಲಿಲ್ಲ, ಗಾಬರಿಯಾಗಲಿಲ್ಲ, ನಿಮ್ಮಪ್ಪನಿಗೆ ಗೊತ್ತಾದರೆ ಅನ್ನಲಿಲ್ಲ. ರಾತ್ರಿ ನಿದ್ದೆ ಬರುತ್ತದಾ, ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಿದರು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ತುಂಬ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಎದೆ ಹಗುರಾಗುತ್ತದೆ, ಇದು ಮನೋವೈದ್ಯರೆಲ್ಲರೂ ಹೇಳುವ ಮಾತು. ಕೊನೆಗೆ ಆ ತಾಯಿ ಅಂದದ್ದು ಇಷ್ಟು: “ನೀನು ವಾಪಸ್ ಬಂದ್ರೂ ನಮ್ಗೇನೂ ಕಮ್ಮಿ ಇಲ್ಲ. ಸಾಲ ಹೆಂಗೋ ತೀರ್ತದೆ. ಮೊದ್ಲು ನಾಳೆ ಅಲ್ಲಿ ಡಾಕ್ಟ್ರ ತಾವ್ಕೆ ಹೋಗು.” ಹುಡುಗ ಹೋದದ್ದು ಅದಾದ ಮೇಲೆ.

ಹೋದ ಮೇಲೆ ಏನಾಗುತ್ತದೆ ಅನ್ನುವುದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಪ್ರತಿ ಬಡಾವಣೆಗೂ ಜಿ.ಪಿ. ಎಂಬ ಕುಟುಂಬ ವೈದ್ಯರ ಕ್ಲಿನಿಕ್ ಇರುತ್ತದೆ. ಅಲ್ಲಿ ಹೆಸರು ನೋಂದಾಯಿಸಲು ದುಡ್ಡು ಕೊಡಬೇಕಿಲ್ಲ. ವೀಸಾದ ಜೊತೆಗೇ ಆರೋಗ್ಯದ ಶುಲ್ಕ ಅಂತ ನಮ್ಮಿಂದ ವಸೂಲಿ ಮಾಡಿರುತ್ತಾರೆ. 2024ರ ಫೆಬ್ರವರಿಯಿಂದ ಅದು ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೆ 776 ಪೌಂಡ್. ಅಷ್ಟು ದುಡ್ಡು ಕಟ್ಟಿದ ಮೇಲೂ ಎಷ್ಟೋ ಮಕ್ಕಳು ಹೋದ ವಾರವೇ ನೋಂದಾಯಿಸಿಕೊಳ್ಳದೆ ಕಾಯಿಲೆ ಬೀಳುವವರೆಗೆ ಸುಮ್ಮನಿರುತ್ತಾರೆ. ಇಳಿದ ವಾರವೇ ಮಾಡಬೇಕಾದ ಕೆಲಸ ಅದು, ಸಿಮ್ ಕಾರ್ಡು ತೆಗೆದುಕೊಳ್ಳುವಷ್ಟೇ ಮುಖ್ಯ. ಕ್ಲಿನಿಕ್ಕಿನಲ್ಲಿ ನೋಂದಣಿಯಾಗಿದ್ದರೆ, ಆತಂಕ, ಖಿನ್ನತೆಗೆ ‘ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್’ ಎಂಬ ಸೇವೆಗೆ ಡಾಕ್ಟರ ಚೀಟಿಯಿಲ್ಲದೆ ತಾವೇ ಅರ್ಜಿ ಹಾಕಿಕೊಳ್ಳಬಹುದು. 2008ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ವ್ಯವಸ್ಥೆ ಅದು; ಅದಕ್ಕೂ ಶುಲ್ಕವಿಲ್ಲ.

ಮೊದಲ ದಿನ ಒಂದು ಕಾಗದ ಕೊಡುತ್ತಾರೆ, ಅಥವಾ ಫೋನಿನಲ್ಲೇ ಕೇಳುತ್ತಾರೆ. ಒಂಬತ್ತು ಪ್ರಶ್ನೆ. ಹಿಂದಿನ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲದೆ ಹೋಗಿತ್ತೇ, ನಿದ್ದೆ ಹೇಗಿತ್ತು, ಊಟ ಹೇಗಿತ್ತು, ತಾನು ಸೋತವನು, ಮನೆಯವರ ತಲೆ ತಗ್ಗಿಸಿದವನು ಅನ್ನಿಸಿತ್ತೇ ಎಂಬಂಥವು. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಜಗತ್ತಿನ ತುಂಬ ಬಳಸುವ ಪಟ್ಟಿ ಅದು. ಒಂಬತ್ತನೆಯದು ಸಾವಿನ ಯೋಚನೆಯ ಬಗ್ಗೆ. ನಮ್ಮ ಮಕ್ಕಳು ಅಲ್ಲಿ ಸುಳ್ಳು ಹೇಳುತ್ತಾರೆ; ನಿಜ ಹೇಳಿದರೆ ಪೊಲೀಸರು ಬರುತ್ತಾರೆ, ವೀಸಾ ಹೋಗುತ್ತದೆ, ಕಾಲೇಜಿಗೆ ಗೊತ್ತಾಗುತ್ತದೆ ಎಂಬ ಭಯ. ಖಿನ್ನತೆಗೆ ಚಿಕಿತ್ಸೆ ಪಡೆದರು ಎಂಬ ಒಂದೇ ಕಾರಣಕ್ಕೆ ಬ್ರಿಟನ್ನಾಗಲಿ ಅಮೆರಿಕವಾಗಲಿ ವೀಸಾ ಕಿತ್ತುಕೊಳ್ಳುವುದಿಲ್ಲ. ಡಾಕ್ಟರ ಕೋಣೆಯಲ್ಲಿ ಆಡಿದ ಮಾತು ಗುಟ್ಟಾಗಿಯೇ ಇರುತ್ತದೆ. ಪ್ರಾಣಕ್ಕೆ ತಕ್ಷಣದ ಅಪಾಯವಿದೆ ಅನ್ನಿಸಿದಾಗ ಮಾತ್ರ, ಪ್ರಾಣ ಉಳಿಸಲಿಕ್ಕಾಗಿ, ಅವರು ಬೇರೆಯವರಿಗೆ ಹೇಳಬಹುದು. ಆದ್ದರಿಂದ ಒಂಬತ್ತನೆಯ ಪ್ರಶ್ನೆಗೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಚಿಕಿತ್ಸೆ ನಿಂತಿರುವುದೇ ಆ ಉತ್ತರದ ಮೇಲೆ.

ಮಾತಿನ ಚಿಕಿತ್ಸೆಗೆ ಕೆಲವು ವಾರ ಕಾಯಬೇಕಾಗಬಹುದು. ಕಾಯುವ ಹೊತ್ತಿನಲ್ಲಿ ಬೇಸತ್ತು ಬಿಟ್ಟುಬಿಡುವವರು ಬಹಳ. ಮನೆಯವರು ಇಲ್ಲಿಂದ, ನಿನ್ನ ಸರದಿ ಯಾವಾಗ ಬರುತ್ತದೆ ಎಂದು ವಾರಕ್ಕೊಮ್ಮೆ ಕೇಳುತ್ತಿದ್ದರೆ ಅವರು ಬಿಡುವುದಿಲ್ಲ. ಕಾಯಲಾಗದ ರಾತ್ರಿಗೆ ಬ್ರಿಟನ್ನಿನಲ್ಲಿ 116 123 ಎಂಬ ಸಮಾರಿಟನ್ಸ್ ಸಹಾಯವಾಣಿಯಿದೆ. ಇಂಗ್ಲೆಂಡಿನಲ್ಲಿ 111ಕ್ಕೆ ಕರೆ ಮಾಡಿ 2 ಒತ್ತಿದರೆ ಮಾನಸಿಕ ಆರೋಗ್ಯದ ತಂಡ ಸಿಗುತ್ತದೆ.

ಇಂಗ್ಲಿಷಿನಲ್ಲಿ ಹೇಗೆ ಹೇಳಿಕೊಳ್ಳುವುದು ಅನ್ನುವುದು ಇನ್ನೊಂದು ಅಂಜಿಕೆ. ಪಾಠದ ಇಂಗ್ಲಿಷು ಬಂದೀತು, ಎದೆಯೊಳಗಿನದನ್ನು ಹೇಳುವ ಇಂಗ್ಲಿಷು ಬರುವುದಿಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗಂತೂ ಗಂಡನೇ ದುಭಾಷಿ. ಗಂಡನ ಮೇಲಿನ ದೂರನ್ನು ಗಂಡನ ಬಾಯಲ್ಲೇ ಹೇಳಿಸುವುದು ಹೇಗೆ? ಅದಕ್ಕೂ ದಾರಿಯಿದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ನನಗೆ ಕನ್ನಡ ದುಭಾಷಿ ಬೇಕು ಎಂದು ಮೊದಲೇ ಹೇಳಿದರೆ ಉಚಿತವಾಗಿ ಗೊತ್ತು ಮಾಡುತ್ತಾರೆ, ಬಹಳ ಸಲ ಫೋನಿನ ಮೂಲಕ. ಆಸ್ಟ್ರೇಲಿಯಾದಲ್ಲಿ 131 450 ಎಂಬ ಸಂಖ್ಯೆಯೇ ದುಭಾಷಿ ಸೇವೆಯದು. ಮನಸ್ಸಿನ ಸಂಕಟಕ್ಕಾಗಿ ಇರುವ ಅಮೆರಿಕದ 988 ಸಹಾಯವಾಣಿಯಲ್ಲೂ ದುಭಾಷಿಯನ್ನು ಕೇಳಬಹುದು. ದುಭಾಷಿಗೂ ಗುಟ್ಟು ಕಾಯುವ ಕಟ್ಟುಪಾಡು ಇದೆ. ಗಂಡನನ್ನೋ ನೆಂಟರನ್ನೋ ಕೋಣೆಯ ಹೊರಗೆ ಕೂರಿಸಿ ಎಂದು ಕೇಳುವ ಹಕ್ಕೂ ಇದೆ. ಮನೆಯಲ್ಲಿ ಹೊಡೆತ ಬಡಿತವಿದ್ದರೆ ನ್ಯೂಜೆರ್ಸಿಯ ‘ಮಾನವಿ’, ನ್ಯೂಯಾರ್ಕಿನ ‘ಸಖಿ’, ಕ್ಯಾಲಿಫೋರ್ನಿಯಾದ ‘ಮೈತ್ರಿ’, ಲಂಡನ್ನಿನ ‘ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್’ ದಶಕಗಳಿಂದ ನಮ್ಮ ಕಡೆಯ ಹೆಂಗಸರ ಪರವಾಗಿ ನಿಂತಿವೆ. ಮಗಳನ್ನು ಕಳಿಸುವ ತಂದೆತಾಯಿ ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಲಿ.

ಅಮೆರಿಕದ ವ್ಯವಸ್ಥೆ ಗೋಜಲಿನದು. ಅಲ್ಲಿ ಎಲ್ಲವೂ ವಿಮೆಯ ಮೇಲೆ ನಿಂತಿದೆ. ವಿಶ್ವವಿದ್ಯಾನಿಲಯಕ್ಕೆ ಸೇರಿದ ಮಕ್ಕಳಿಗೆ ಕ್ಯಾಂಪಸ್ಸಿನಲ್ಲೇ ಸಮಾಲೋಚನಾ ಕೇಂದ್ರವಿರುತ್ತದೆ, ಮೊದಲು ತಟ್ಟಬೇಕಾದ ಬಾಗಿಲು ಅದು. ಕೆಲಸದಲ್ಲಿರುವವರಿಗೆ ದೊಡ್ಡ ಕಂಪನಿಗಳು ನೌಕರರ ನೆರವಿನ ಯೋಜನೆ ಅಂತ ಕೆಲವು ಭೇಟಿಗಳನ್ನು ಉಚಿತವಾಗಿ ಕೊಡುತ್ತವೆ. ಸೇರಿದ ದಿನ ಕೊಟ್ಟ ಕಾಗದಗಳಲ್ಲಿ ಅದು ಇರುತ್ತದೆ, ಯಾರೂ ಓದಿರುವುದಿಲ್ಲ. ವಿಮೆ ಇಲ್ಲದವರಿಗೆ ಆದಾಯ ನೋಡಿ ಶುಲ್ಕ ತೆಗೆದುಕೊಳ್ಳುವ ಸಮುದಾಯ ಆರೋಗ್ಯ ಕೇಂದ್ರಗಳಿವೆ. 2022ರ ಜುಲೈ 16ರಿಂದ 988 ಎಂಬ ಮೂರಂಕಿಯ ಆ ಸಹಾಯವಾಣಿ ದೇಶದಾದ್ಯಂತ ಹಗಲು ರಾತ್ರಿ ನಡೆಯುತ್ತಿದೆ. ಕೆನಡಾದಲ್ಲೂ 2023ರ ನವೆಂಬರ್ 30ರಿಂದ ಅದೇ ಸಂಖ್ಯೆ. ಆಸ್ಟ್ರೇಲಿಯಾದಲ್ಲಿ ಅಂಥ ಸಹಾಯವಾಣಿ 13 11 14.

ಕೊಲ್ಲಿ ದೇಶಗಳಿಗೆ ಹೋದವರ ಮಾತನ್ನು ಬೇರೆಯಾಗಿಯೇ ಆಡಬೇಕು. ಫ್ಲೆಕ್ಸ್ ಕಟ್ಟಿಸಿಕೊಂಡು ಹೋದವರಲ್ಲ ಅವರು. ಏಜೆಂಟನಿಗೆ ದುಡ್ಡು ಕೊಟ್ಟು, ಒಂದು ಕೋಣೆಯಲ್ಲಿ ಹಲವರು ಮಲಗುವ ಕ್ಯಾಂಪಿಗೆ ಹೋದವರು. ಕೆಲಸದ ಪರವಾನಗಿ ಮಾಲೀಕನ ಕೈಯಲ್ಲಿ, ಎಷ್ಟೋ ಸಲ ಪಾಸ್‌ಪೋರ್ಟೂ ಅವನ ಕೈಯಲ್ಲಿ. ಅವರ ಮನಸ್ಸಿನ ಕಾಯಿಲೆಗೆ ಮೊದಲ ಔಷಧ ಬಾಕಿ ಸಂಬಳ ಅನ್ನಬೇಕು. ಸಂಬಳ ನಿಂತವನಿಗೆ ಧೈರ್ಯವಾಗಿರು ಅಂದರೆ ಏನು ಬಂತು? ಅದಕ್ಕೇ ಅಲ್ಲಿ ನೆರವಿನ ಬಾಗಿಲು ನಮ್ಮ ರಾಯಭಾರ ಕಚೇರಿಯೇ. ದುಬೈಯಲ್ಲಿ ಭಾರತ ಸರ್ಕಾರ 2010ರಲ್ಲಿ ಕಾರ್ಮಿಕರಿಗಾಗಿ ಒಂದು ಕೇಂದ್ರ ತೆರೆಯಿತು, ಈಗ ಅದರ ಹೆಸರು ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ. ಸಂಯುಕ್ತ ಅರಬ್ ಎಮಿರೇಟ್ಸ್‌ನ ಒಳಗಿನಿಂದ 800 46342ಕ್ಕೆ ಉಚಿತವಾಗಿ ಕರೆ ಮಾಡಬಹುದು; ಕಾನೂನು, ಸಾಲ, ಮನಸ್ಸು ಮೂರರ ಬಗ್ಗೆಯೂ ಅಲ್ಲಿ ಸಲಹೆ ಕೇಳಬಹುದು. ಇಲ್ಲಿರುವ ಮನೆಯವರು ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಬಹುದು, 2015ರಿಂದ ಅದು ನಡೆಯುತ್ತಿದೆ. ಕೈಯಲ್ಲಿ ಕಾಸಿಲ್ಲದೆ ಸಿಕ್ಕಿಬಿದ್ದವರನ್ನು ಊರಿಗೆ ಕಳಿಸಲು ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಚಾಮರಾಜನಗರದ ಯಾವ ಮೂಲೆಯಿಂದ ಯಾರೇ ಕೊಲ್ಲಿಗೆ ಹೊರಟರೂ ಈ ಮೂರನ್ನೂ ಗ್ರಾಮ ಪಂಚಾಯಿತಿಯವರೇ ಬರೆದುಕೊಡಬೇಕು ಅನ್ನುವುದು ನನ್ನ ಆಸೆ.

ಔಷಧಿಯ ವಿಷಯದಲ್ಲಿ ಎಚ್ಚರ ಬೇಕು. ಇಲ್ಲಿಯೇ ಮನೋವೈದ್ಯರ ಚಿಕಿತ್ಸೆಯಲ್ಲಿದ್ದವರು ಪರದೇಶಕ್ಕೆ ಹೊರಟಾಗ, ಹೊಸ ಜೀವನ ಶುರುವಾಗುತ್ತದೆ, ಇನ್ನು ಮಾತ್ರೆ ಯಾಕೆ ಎಂದು ನಿಲ್ಲಿಸಿಬಿಡುತ್ತಾರೆ. ಮನಸ್ಸಿಗೆ ಹೆಚ್ಚು ಆಸರೆ ಬೇಕಾಗುವುದೇ ಆ ತಿಂಗಳುಗಳಲ್ಲಿ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರು, ಪ್ರಮಾಣ, ಕಾಯಿಲೆಯ ಹೆಸರು ಇರುವ ಇಂಗ್ಲಿಷ್ ಪತ್ರವನ್ನು ವೈದ್ಯರಿಂದ ಬರೆಸಿಕೊಂಡು ಹೋಗಿ. ಇನ್ನೊಂದು ಕಡೆ, ನಿದ್ದೆಗೆಂದು ಮೆಡಿಕಲ್ ಸ್ಟೋರಿನಲ್ಲಿ ತೆಗೆದುಕೊಂಡ ಮಾತ್ರೆಯನ್ನು ಚೀಟಿಯಿಲ್ಲದೆ ಸೂಟ್‌ಕೇಸಿಗೆ ಹಾಕಿಕೊಳ್ಳಬೇಡಿ. ಆಲ್ಪ್ರಜೋಲಮ್‌ನಂಥ ನಿದ್ದೆ, ಆತಂಕದ ಮಾತ್ರೆಗಳು, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳು ಕೊಲ್ಲಿ ದೇಶಗಳಲ್ಲಿ ನಿಯಂತ್ರಿತ ಔಷಧಿಗಳು. ಮೊದಲೇ ಅನುಮತಿ ಪಡೆಯದೆ ಒಯ್ದರೆ ವಿಮಾನ ನಿಲ್ದಾಣದಲ್ಲೇ ಕೇಸು ಬೀಳಬಹುದು.

ಇಷ್ಟೆಲ್ಲ ಯಾಕೆ, ಮೈಸೂರಿನ ಡಾಕ್ಟರೊಬ್ಬರನ್ನು ಫೋನಿನಲ್ಲೇ ಕೇಳಿದರೆ ಆಗದೇ ಎಂದು ಬಹಳ ಜನ ಕೇಳುತ್ತಾರೆ. ಕನ್ನಡದಲ್ಲಿ ಮಾತಾಡುವ ಡಾಕ್ಟರು ಸಿಕ್ಕರೆ ಮನಸ್ಸಿಗೆ ಎಷ್ಟು ಸಮಾಧಾನ ಎಂಬುದು ನನಗೂ ಗೊತ್ತು. ಆದರೆ 2020ರ ಮಾರ್ಚ್ 25ರಂದು ಭಾರತ ಹೊರಡಿಸಿದ ದೂರವೈದ್ಯಕೀಯ ಮಾರ್ಗಸೂಚಿ ದೇಶದ ಗಡಿಯಾಚೆಗಿನ ಸಮಾಲೋಚನೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅಮೆರಿಕದಲ್ಲಂತೂ ಚಿಕಿತ್ಸೆ ನೀಡುವ ಪರವಾನಗಿಯನ್ನು ಒಂದೊಂದು ರಾಜ್ಯವೂ ಬೇರೆಬೇರೆಯಾಗಿ ಕೊಡುತ್ತದೆ. ಇಲ್ಲಿಯ ಚೀಟಿಗೆ ಅಲ್ಲಿಯ ಅಂಗಡಿ ಔಷಧ ಕೊಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಪಾಯದ ರಾತ್ರಿಯಲ್ಲಿ ಮನೆಬಾಗಿಲಿಗೆ ಆಂಬುಲೆನ್ಸ್ ಕಳಿಸಲು ಇಲ್ಲಿಯ ಡಾಕ್ಟರಿಗೆ ಆಗುವುದಿಲ್ಲ. ಧೈರ್ಯದ ಮಾತು ಊರಿನಿಂದ ಬರಲಿ, ಚಿಕಿತ್ಸೆ ಅಲ್ಲಿಯದೇ ಆಗಲಿ.

ಕನ್ನಡ ಸಂಘಗಳ ಬಗ್ಗೆ ಒಂದು ಮಾತು. ಬ್ರಿಟನ್ನಿನ ಕನ್ನಡ ಬಳಗ 1983ರಿಂದ, ಅಮೆರಿಕದ ಕನ್ನಡ ಕೂಟಗಳ ಆಗರವಾದ ‘ಅಕ್ಕ’ 1998ರಿಂದ ಇವೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಹೋಗಿ ನಾಲ್ಕು ಜನರ ನಡುವೆ ಕೂತು ಊಟ ಮಾಡಿ ಬಂದರೆ ಒಂಟಿತನಕ್ಕೆ ಅದು ನಿಜವಾದ ನೆರವು. ಆದರೆ ಸಣ್ಣ ಗುಂಪಿನಲ್ಲಿ ಮಾತು ಬೇಗ ಹರಡುತ್ತದೆ, ಅಲ್ಲಿ ಹೇಳಿದ್ದು ನಾಳೆ ಗುಂಡ್ಲುಪೇಟೆಗೆ ಮುಟ್ಟುತ್ತದೆ ಎಂಬ ಹೆದರಿಕೆ ಸುಳ್ಳಲ್ಲ. ಜಿಂಬಾಬ್ವೆಯಲ್ಲಿ ಡಾ. ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು ಊರಿನ ಅಜ್ಜಿಯರಿಗೇ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಅಂಗಳದಲ್ಲಿ ಒಂದು ಬೆಂಚು ಹಾಕಿಸಿ, ಬಂದವರ ಕಷ್ಟ ಕೇಳಿಸಿದರು. ಅದರಿಂದ ಖಿನ್ನತೆ ಇಳಿಯುತ್ತದೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಂದೊಂದು ಕನ್ನಡ ಸಂಘವೂ ಇಬ್ಬರು ಹಿರಿಯರಿಗೆ ಅಂಥ ತರಬೇತಿ ಕೊಡಿಸಿ, ಹೊಸದಾಗಿ ಬಂದವರ ಮಾತನ್ನು ಗುಟ್ಟಾಗಿ ಕೇಳುವ ವ್ಯವಸ್ಥೆ ಮಾಡಬಾರದೇಕೆ? ಒಂದು ಹಾಡಿನ ಕಾರ್ಯಕ್ರಮದ ಖರ್ಚು ಬೇಕಿಲ್ಲ ಅದಕ್ಕೆ.

ಇಲ್ಲಿ ಉಳಿದವರ ಮನಸ್ಸನ್ನೂ ನೋಡಿಕೊಳ್ಳಬೇಕು. ಮಗಳು ಫೋನಿನಲ್ಲಿ ಅತ್ತ ರಾತ್ರಿ ತಾಯಿಗೆ ನಿದ್ದೆ ಬಂದೀತೇ? ಅವರಿಗಾಗಿಯೇ ಇದೆ 14416, ಟೆಲಿ-ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸೇವೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಪರದೇಶದಲ್ಲಿರುವ ಮಗನ ಜೊತೆ ಹೇಗೆ ಮಾತಾಡಬೇಕು, ಏನು ಕೇಳಬೇಕು ಎಂದು ತಾಯಿಯೇ ಅಲ್ಲಿ ಕೇಳಬಹುದು. ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ 2014ರಲ್ಲಿ ಆರಂಭಿಸಿತು. ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನೇ ಕೇಳಿ.

ಇನ್ನು ಒಂದು ಕಾಗದದ ಮಾತು. ಇಲ್ಲಿಂದ ನೀವು 999 ಅಥವಾ 911 ಒತ್ತಿದರೆ ಆ ದೇಶದ ಪೊಲೀಸರು ಸಿಗುವುದಿಲ್ಲ. ಆದ್ದರಿಂದ ಮಗನೋ ಮಗಳೋ ಹೋದ ತಿಂಗಳಲ್ಲೇ ಅವರಿರುವ ಮನೆಯ ಪೂರ್ತಿ ವಿಳಾಸ, ಜೊತೆಗಿರುವ ಒಬ್ಬರ ಫೋನು, ಕಾಲೇಜಿನ ಅಥವಾ ಕಂಪನಿಯ ರಾತ್ರಿ ಪಾಳಿಯ ಫೋನು, ಆ ಊರಿಗೆ ಸೇರಿದ ನಮ್ಮ ರಾಯಭಾರ ಕಚೇರಿಯ ತುರ್ತು ಸಂಖ್ಯೆ, ಇಷ್ಟನ್ನೂ ಬರೆದು ಗೋಡೆಗೆ ಅಂಟಿಸಿ. ಎಂದಾದರೂ ಆ ಕಡೆಯಿಂದ ಬದುಕು ಬೇಡ ಎಂಬ ಮಾತು ಬಂದರೆ ಫೋನು ಇಡಬೇಡಿ, ಬಯ್ಯಬೇಡಿ, ನಮ್ಮ ಗತಿಯೇನು ಎಂದು ಕೇಳಬೇಡಿ. ಎಲ್ಲಿದ್ದೀಯ, ಜೊತೆಗೆ ಯಾರಿದ್ದಾರೆ ಎಂದು ಕೇಳುತ್ತ ಮಾತಿನಲ್ಲಿ ಹಿಡಿದಿಟ್ಟುಕೊಳ್ಳಿ. ಅಷ್ಟರಲ್ಲಿ ಮನೆಯ ಇನ್ನೊಬ್ಬರು ಇನ್ನೊಂದು ಫೋನಿನಿಂದ ಆ ಜೊತೆಗಾರನಿಗೆ ಕರೆ ಮಾಡಲಿ. ಅವನು ಅಲ್ಲಿಯ ತುರ್ತು ಸಂಖ್ಯೆಗೆ ಮಾಡಲಿ.

ಕೆಲವರು ವಾಪಸ್ ಬರುತ್ತಾರೆ. ನಾನು ಹೇಳಿದ ಆ ಹುಡುಗ ಬರಲಿಲ್ಲ, ಫೋನಿನಲ್ಲೇ ಚಿಕಿತ್ಸೆ ಪಡೆದು ಓದು ಮುಗಿಸುತ್ತಿದ್ದಾನೆ. ಬಂದವರನ್ನು ಯಾಕೆ ಬಂದೆ ಎಂದು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳಬೇಡಿ. ಅಲ್ಲಿಯ ಡಾಕ್ಟರು ಕೊಟ್ಟ ಕಾಗದಗಳನ್ನು ಜೋಪಾನವಾಗಿ ತರಲು ಹೇಳಿ, ಮಾತ್ರೆಯಿದ್ದರೆ ಒಂದು ದಿನವೂ ತಪ್ಪದಂತೆ ನೋಡಿಕೊಂಡು, ಬಂದ ವಾರವೇ ಆ ಕಾಗದಗಳೊಡನೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.